ದೀಪ ಎಣಿಸುವ ಚಂದ್ರಮೋಹನ್

ಬೆಳಗಿನ ಐದೂಮುಕ್ಕಾಲು. ಕೋಲಾರ ಜಿಲ್ಲೆಯ ಬೈರಕೂರಿನಿಂದ ಒಳರಸ್ತೆಯಲ್ಲಿ ಮೂರು ಕಿಲೋಮೀಟರ್ ಹೋದರೆ ಸಿಗುವ ಹಳ್ಳಿಯೊಂದರ ಹಾಲಿನ ಡೇರಿ. ಊರಿನ ಹೆಸರು ಬರೆಯುವುದು ಬೇಡ ಎಂದು ಹಿರಿಯರು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಯಾಕೆಂದು ಮುಂದೆ ಗೊತ್ತಾಗುತ್ತದೆ. ಕ್ಯಾನು, ಸ್ಟೀಲ್ ಬಕೆಟ್ಟು ಹಿಡಿದವರು ಆಗಲೇ ಸಾಲುಗಟ್ಟಿ ನಿಂತಿದ್ದಾರೆ. ಒಳಗೆ ಹಾಲು ತಣಿಸುವ ದೊಡ್ಡ ಸ್ಟೀಲ್ ತೊಟ್ಟಿ. ಅದರ ಪಕ್ಕದ ಗೋಡೆಯಲ್ಲಿ ಒಂದು ಬೂದು ಪೆಟ್ಟಿಗೆ. ಪೆಟ್ಟಿಗೆಯ ಮುಖದ ಮೇಲೆ ಕಡಲೆಕಾಳಿನಷ್ಟು ಗಾತ್ರದ ಒಂದೇ ಒಂದು ದೀಪ. ಅದರ ಮುಂದೆ ಕೈಕಟ್ಟಿಕೊಂಡು, ಉಸಿರೂ ಕೇಳಿಸದಂತೆ ಒಬ್ಬರು ನಿಂತಿದ್ದಾರೆ.

ದೀಪ ಮಿಣುಕುತ್ತದೆ. ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಮತ್ತೆ ಮಿಣುಕುತ್ತದೆ.

"ಲಾಭ... ಎರಡು... ಮೂರು," ಎಂದು ಜೋರಾಗಿ ಎಣಿಸುವವರು ಅವರಲ್ಲ, ಹಾಲು ಅಳೆಯುವ ಮೇಜಿನ ಹಿಂದೆ ನಿಂತಿರುವ ಡೇರಿಯ ಕಾರ್ಯದರ್ಶಿ ಭಾರತಮ್ಮ. ರಾಗಿ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನದೆ ಲಾಭ ಅನ್ನುವುದು ಈ ಕಡೆಯ ರೂಢಿ. ಭಾರತಮ್ಮ ಹಾಲಿನ ಕ್ಯಾನು ಎಣಿಸಿದರೂ ಹಾಗೆಯೇ, ಮೆಟ್ಟಿಲು ಎಣಿಸಿದರೂ ಹಾಗೆಯೇ, ದೀಪ ಎಣಿಸಿದರೂ ಹಾಗೆಯೇ.

"ನಂದೂ ಮೂರೇ ಅಕ್ಕಾ," ಎನ್ನುತ್ತಾರೆ ಕೈಕಟ್ಟಿ ನಿಂತವರು. "ಮೋಟಾರು ಕಾದೈತೆ."

ಇಬ್ಬರ ಲೆಕ್ಕವೂ ತಾಳೆಯಾದ ಮೇಲೆಯೇ ಅವರು ಅಲ್ಲಿಂದ ಕದಲುವುದು. ಡೇರಿಯ ಹಿಂದಕ್ಕೆ ಹೋಗುತ್ತಾರೆ, ನಾನೂ ಹಿಂಬಾಲಿಸುತ್ತೇನೆ. ಯಂತ್ರ ಗಾಳಿ ಎಳೆದುಕೊಳ್ಳುವ ಜಾಲರಿಗೆ ಯಾರೋ ಪುಣ್ಯಾತ್ಮರು ಪಶು ಆಹಾರದ ನಾಲ್ಕು ಚೀಲ ಒರಗಿಸಿ ಇಟ್ಟಿದ್ದಾರೆ. "ರಾತ್ರಿ ಮಳೆ ಬಂತಲ್ಲ ಸಾರ್, ಫೀಡು ನೆನೀಬಾರ್ದು ಅಂತ ತಂದು ಇಲ್ಲಿಟ್ಟವ್ರೆ. ಚೀಲ ಬೆಚ್ಚಗೈತೆ, ಮೋಟಾರು ಬೇಯ್ತಾ ಐತೆ," ಎಂದು ಅವರು ನಗುತ್ತಾರೆ. ಚೀಲಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕೆ ಇಡುತ್ತಾರೆ. ಹಳೆಯ ಪೇಂಟ್ ಬ್ರಷ್ಷಿನಿಂದ ಜಾಲರಿಯ ಧೂಳು ತೆಗೆಯುತ್ತಾರೆ. ಆಮೇಲೆ ಬಲಗೈಯ ಹೆಬ್ಬೆರಳನ್ನು ಪೈಪಿನ ಮೇಲೆ ಒತ್ತಿ, ವೈದ್ಯರು ನಾಡಿ ನೋಡುವ ಹಾಗೆ, ಒಂದು ಗಳಿಗೆ ಕಣ್ಣು ಮುಚ್ಚುತ್ತಾರೆ.

"ತಣ್ಣಗಾಗ್ಲಿ. ಇಪ್ಪತ್ತು ನಿಮಿಷ ಬೇಕು. ಅದುವರ್ಗೂ ಇದು ಯಾರ ಮಾತೂ ಕೇಳಲ್ಲ."

ಇವರು ಚಂದ್ರಮೋಹನ್. ವಯಸ್ಸು ನಲವತ್ತಮೂರು. ನಂಗಲಿಯ ಹತ್ತಿರದ ಊರು. ಹಾಲು ತಣಿಸುವ ತೊಟ್ಟಿಗಳನ್ನು ನೋಡಿಕೊಳ್ಳಲು ಗುತ್ತಿಗೆ ಹಿಡಿದ ಕಂಪನಿಯೊಂದರಲ್ಲಿ ಹದಿನೇಳು ವರ್ಷದಿಂದ ಮೆಕ್ಯಾನಿಕ್. ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕಿನ ಮೂವತ್ತೊಂದು ಡೇರಿಗಳು ಅವರ ಪಾಲಿಗಿವೆ. ದಿನಕ್ಕೆ ಆರೋ ಏಳೋ ಊರು, ಸುಮಾರು ಎಪ್ಪತ್ತು ಕಿಲೋಮೀಟರ್, ಒಂದು ಟಿವಿಎಸ್ ಗಾಡಿ, ಅದರ ಮುಂದೆ ಟೂಲ್ಸಿನ ಚೀಲ, ಹಿಂದಿನ ಸೀಟಿನಲ್ಲಿ ಎರಡು ದಿನ ನಾನು. ಪ್ರತಿ ತೊಟ್ಟಿಗೂ ಒಂದು ಕಂಟ್ರೋಲರ್ ಬೋರ್ಡ್ ಇದೆ. ಹಾಲು ಎಷ್ಟು ಡಿಗ್ರಿಗೆ ಬಂದಿದೆ, ಮೋಟಾರು ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂಬುದೆಲ್ಲ ಅದರ ಕೈಯಲ್ಲಿ. ಒಳಗೆ ನಡೆಯುವುದನ್ನು ಅದು ಹೊರಗೆ ಹೇಳುವುದು ಆ ದೀಪದ ಮೂಲಕ. ಬೋರ್ಡಿಗೆ ಬೇಕಾದ ಹಾಗೆ ಹೇಳಿಕೊಡುವುದು, ಅದು ಹೇಳಿದ್ದನ್ನು ಓದುವುದು, ಇವೆರಡೂ ಚಂದ್ರಮೋಹನ್ ಕೆಲಸ.

ಇಷ್ಟೇ ಆಗಿದ್ದರೆ ನಾನು ಬೆಂಗಳೂರಿನ ಮೊದಲ ಬಸ್ಸು ಹಿಡಿದು ಬರುತ್ತಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ದೀಪ ನೋಡುವುದೇ ಕಸುಬಾಗಿರುವ ಈ ಮನುಷ್ಯನಿಗೆ ಕೆಂಪು ಮತ್ತು ಹಸಿರು ಬಣ್ಣದ ವ್ಯತ್ಯಾಸ ಗೊತ್ತಾಗುವುದಿಲ್ಲ. ಹುಟ್ಟಿನಿಂದಲೂ ಗೊತ್ತಿಲ್ಲ. "ಎರಡೂ ನಂಗೆ ಒಣಗಿದ ಹುಲ್ಲಿನ ಥರಾನೇ ಸಾರ್. ಒಂದು ಸ್ವಲ್ಪ ಹಳೇ ಹುಲ್ಲು, ಅಷ್ಟೇ," ಎನ್ನುತ್ತಾರೆ.

ಕೋಲಾರದ ಟೊಮೆಟೊ ಬೆಳೆಯುವ ಮನೆಯಲ್ಲಿ ಹೀಗೆ ಹುಟ್ಟುವುದು ಎಂಥ ಫಜೀತಿ ಎಂದು ಯೋಚಿಸಿ ನೋಡಿ. ಅಪ್ಪ ಗಂಗುಲಪ್ಪನವರದು ಒಂದೂವರೆ ಎಕರೆ ತೋಟ. ಶಾಲೆಗೆ ಹೋಗುವ ಮುಂಚೆ ಮನೆಮಂದಿಯೆಲ್ಲ ಹಣ್ಣು ಕೀಳಬೇಕು. ಹಣ್ಣಾದದ್ದನ್ನು ಮಾತ್ರ ಕಿತ್ತು ಬಾಕ್ಸಿಗೆ ತುಂಬಬೇಕು. ಅಣ್ಣಂದಿರ ಬಾಕ್ಸು ಕೆಂಪಗೆ ತುಂಬಿದರೆ ಈ ಹುಡುಗನದು ಅರ್ಧ ಕಾಯಿ, ಅರ್ಧ ಹಣ್ಣು. ಮಗ ಬೇಕೆಂದೇ ಸೋಮಾರಿತನ ಮಾಡುತ್ತಾನೆ ಎಂದುಕೊಂಡು ಗಂಗುಲಪ್ಪ ನೀರಿನ ಪೈಪಿನಲ್ಲಿ ಬಾರಿಸಿದ್ದೂ ಇದೆ. ಒಡಹುಟ್ಟಿದವರಿಗೆ ಕಾಣುವುದು ತನಗೆ ಕಾಣುತ್ತಿಲ್ಲ ಎಂದು ಎಂಟು ವರ್ಷದ ಮಗುವಿಗೆ ಹೇಗೆ ಗೊತ್ತಾಗಬೇಕು? ಎಲ್ಲರಿಗೂ ಹೀಗೆಯೇ ಕಾಣುತ್ತದೆ, ಅವರು ಮಾತ್ರ ಜಾಣರು, ತಾನು ದಡ್ಡ ಎಂದೇ ಅವರು ತಿಳಿದಿದ್ದರು.

"ಆಮೇಲೆ ಹೆಬ್ಬೆಟ್ಟು ಇಡೋದು ಕಲ್ತೆ. ತೊಟ್ಟಿನ ಪಕ್ಕ ಮೆತ್ತಗೆ ಒತ್ತಿದ್ರೆ ಹಣ್ಣು ಬೇರೆ ಥರ ಬಗ್ಗತ್ತೆ, ಕಾಯಿ ಬಗ್ಗಲ್ಲ. ಒಂದೇ ವರ್ಷ. ನಮ್ಮಪ್ಪನಿಗೆ ನಾನೇ ಬೆಸ್ಟು ಅನ್ನೋ ಹಂಗಾಯ್ತು."

ಐಟಿಐ ಓದಿದ್ದು ಕೋಲಾರದಲ್ಲಿ. ಅಲ್ಲಿಯೂ ಪಾರಾದರು. ಸರ್ಕ್ಯೂಟಿನ ಬಿಡಿಭಾಗಗಳ ಮೇಲಿನ ಬಣ್ಣದ ಪಟ್ಟಿ ಓದಿ ಬೆಲೆ ಹೇಳುವುದನ್ನು ಉಳಿದವರು ಬಾಯಿಪಾಠ ಮಾಡಿದರೆ ಇವರು ಪ್ರತಿಯೊಂದಕ್ಕೂ ಮೀಟರ್ ಹಿಡಿದು ಅಳೆದರು. ಮೇಷ್ಟ್ರು ಇದನ್ನು ಶ್ರದ್ಧೆ ಎಂದುಕೊಂಡು ತರಗತಿಯ ಮುಂದೆ ಹೊಗಳಿದರಂತೆ! ಸಿಕ್ಕಿಬಿದ್ದದ್ದು ರೈಲ್ವೆಯ ವೈದ್ಯಕೀಯ ಪರೀಕ್ಷೆಯಲ್ಲಿ. "ಒಂದು ಪುಸ್ತಕ ತೆಗೆದ್ರು. ಬರೀ ಚುಕ್ಕಿ. ಇದ್ರಲ್ಲಿ ಯಾವ ನಂಬರ್ ಐತೆ ಹೇಳು ಅಂದ್ರು. ನಂಬರ್ ಎಲ್ಲೈತೆ ಸಾರ್ ಅಂದೆ. ಇನ್ನೊಂದು ಪುಟ ತಿರುಗಿಸಿದ್ರು. ಅದ್ರಲ್ಲೂ ಚುಕ್ಕಿ. ಹೋಗಪ್ಪ, ನೆಕ್ಸ್ಟ್ ಅಂದ್ರು." ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಆ ಕೊಠಡಿಯಿಂದ ಹೊರಬಂದಾಗ ಅವರಿಗೆ ಕೆಲಸ ಹೋದ ದುಃಖಕ್ಕಿಂತ, ತಾನು ದಡ್ಡನಲ್ಲ ಎಂದು ಗೊತ್ತಾದ ಸಮಾಧಾನವೇ ಹೆಚ್ಚಾಗಿತ್ತಂತೆ. ಗಂಗುಲಪ್ಪ ಮಾತ್ರ ಮಗ ಎತ್ತರ ಸಾಲದೆ ಫೇಲಾದ ಎಂದು ಊರಿಗೆಲ್ಲ ಹೇಳಿದರು. ಊರಿನವರೂ ನಂಬಿದರು. ಚಂದ್ರಮೋಹನ್ ಐದು ಅಡಿ ಹತ್ತಂಗುಲ ಇದ್ದಾರೆ.

ಅಂದಿನಿಂದ ಅದು ಗುಟ್ಟಾಯಿತು. ಈ ಕಂಪನಿಗೆ ಸೇರುವಾಗ ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಅಪ್ಪನನ್ನು ಬಿಟ್ಟರೆ ಗೊತ್ತಿದ್ದವರು ಒಬ್ಬರೇ, ಹೆಂಡತಿ ಆದಿಲಕ್ಷ್ಮಿ. "ಮದ್ವೆಯಾದ ಹೊಸದ್ರಲ್ಲಿ ಗಿಳಿ ಹಸ್ರು ಸೀರೆ ತರ್ತೀನಿ ಅಂತ ಮುಳಬಾಗ್ಲಿಗೆ ಹೋಗಿ ಇಟ್ಟಿಗೆ ಬಣ್ಣದ್ದು ತಂದ್ರು. ಅಂಗಡಿಯವ್ನು ಮೋಸ ಮಾಡ್ದ ಅಂತ ನಾನೇ ಜಗಳಕ್ಕೆ ಹೊರಟಿದ್ದೆ. ಆಗ ಹೇಳಿದ್ರು," ಎಂದು ಅವರು ಸೆರಗು ಬಾಯಿಗಿಟ್ಟು ನಗುತ್ತಾರೆ. ಆ ಸೀರೆ ಇಂದಿಗೂ ಅವರ ಬೀರುವಿನಲ್ಲಿದೆ.

ಗುಟ್ಟು ಕಾಪಾಡುವುದೂ ಒಂದು ಕಸುಬೇ. ವೈರುಗಳ ಬಣ್ಣ ಗೊತ್ತಾಗದ್ದಕ್ಕೆ ಚಂದ್ರಮೋಹನ್ ಒಂದೊಂದನ್ನೂ ಟೆಸ್ಟರ್ ಹಿಡಿದು ಪರೀಕ್ಷಿಸಿ, ಅದಕ್ಕೆ ಹೊಲಿಗೆಯ ದಾರದಿಂದ ಗಂಟು ಹಾಕುತ್ತಿದ್ದರು. ಒಂದನೇ ಲೈನಿಗೆ ಒಂದು ಗಂಟು, ಎರಡಕ್ಕೆ ಎರಡು, ಮೂರಕ್ಕೆ ಮೂರು. ಬೋರ್ಡಿನ ದೀಪಗಳದು ಇನ್ನೂ ಸುಲಭವಿತ್ತು. ಹಳೆಯ ಬೋರ್ಡುಗಳಲ್ಲಿ ಮೂರು ದೀಪ, ಒಂದರ ಕೆಳಗೊಂದು. ಮೇಲಿನದು ಕರೆಂಟು, ನಡುವಿನದು ಮೋಟಾರು, ಕೆಳಗಿನದು ಉರಿದರೆ ತೊಂದರೆ. ಯಾವ ಬಣ್ಣ ಎಂಬುದು ಇವರಿಗೆ ಬೇಕಾಗಿರಲೇ ಇಲ್ಲ, ಎಲ್ಲಿ ಉರಿಯುತ್ತಿದೆ ಎಂದು ತಿಳಿದರೆ ಸಾಕಿತ್ತು. ಹದಿನೈದು ವರ್ಷ ಹಾಗೆಯೇ ಕಳೆದವು.

ಎರಡು ವರ್ಷದ ಹಿಂದೆ ಕಂಪನಿ ಎಲ್ಲ ಡೇರಿಗಳಲ್ಲೂ ಹೊಸ ಬೋರ್ಡ್ ಕೂರಿಸಿತು. ಚೆಂದದ ಬೋರ್ಡು, ಮೂರು ದೀಪದ ಬದಲು ಒಂದೇ ದೀಪ. ಎಲ್ಲ ಸರಿಯಿದ್ದರೆ ಹಸಿರು, ಗಮನ ಬೇಕಿದ್ದರೆ ಹಳದಿ, ತೊಂದರೆಯಾದರೆ ಕೆಂಪು. ಎಲ್ಲೋ ಒಂದು ತಂಪಾದ ಕೋಣೆಯಲ್ಲಿ ಕುಳಿತು ಇದನ್ನು ಮಾಡಿದ ಮಹಾನುಭಾವರಿಗೆ, ನೂರು ಗಂಡಸರಲ್ಲಿ ನಾಲ್ಕೈದು ಜನರಿಗಾದರೂ ಈ ಬಣ್ಣಗಳು ಬೇರೆ ಬೇರೆಯಾಗಿ ಕಾಣುವುದಿಲ್ಲ ಎಂಬ ಯೋಚನೆ ಬಂದಿರಲಾರದು. ನನಗಂತೂ ಕೇಳಿ ಸಿಟ್ಟು ಬಂತು. ಚಂದ್ರಮೋಹನ್‌ಗೆ ಯಾರ ಮೇಲೂ ಸಿಟ್ಟಿಲ್ಲ. "ಅವ್ರು ಚೆನ್ನಾಗೇ ಮಾಡವ್ರೆ ಸಾರ್. ನನ್ನ ಕಣ್ಣು ಅವ್ರ ಲೆಕ್ಕದಲ್ಲಿ ಇರ್ಲಿಲ್ಲ," ಎನ್ನುತ್ತಾರೆ.

ಹೊಸ ಬೋರ್ಡಿನ ಮುಂದೆ ಅವರು ಎಂಟ್ಹತ್ತು ತಿಂಗಳು ಏನೇನೋ ಉಪಾಯ ಮಾಡಿ ದಾಟಿದರು. ಡೇರಿಗೆ ಬಂದ ಕೂಡಲೇ, ಕೈ ಒರೆಸಿಕೊಳ್ಳುವ ನೆಪದಲ್ಲಿ, ದೀಪ ಹೆಂಗೈತಕ್ಕ ಎಂದು ಅಲ್ಲಿದ್ದವರನ್ನೇ ಕೇಳುವುದು. ಮೋಟಾರಿಗೆ ಕಿವಿ ಕೊಡುವುದು. ತೊಟ್ಟಿಯ ಪೈಪಿಗೆ ಹೆಬ್ಬೆರಳು ಇಡುವುದು. ತೊಂದರೆಯಾಗಲಿಲ್ಲ. ಕಳೆದ ವರ್ಷದ ಏಪ್ರಿಲ್ ತಿಂಗಳ ಆ ಒಂದು ದಿನದವರೆಗೆ.

ಅಂದು ಭಾರತಮ್ಮ ತಮ್ಮ ಅಕ್ಕನ ಮಗಳ ಮದುವೆಗೆಂದು ಶ್ರೀನಿವಾಸಪುರಕ್ಕೆ ಹೋಗಿದ್ದರು. ಹತ್ತೊಂಬತ್ತು ವರ್ಷದಲ್ಲಿ ಅವರು ಡೇರಿ ಬಿಟ್ಟು ಹೋದ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಬೆಳಗಿನ ಹಾಲು ಅಳೆಯಲು ನೆರೆಮನೆಯವರಿಗೆ ಒಪ್ಪಿಸಿ, ಸರ್ವಿಸಿಗೆ ಮೋಹನ ಬರ್ತಾನೆ, ಅವನು ನೋಡ್ಕೊಂತಾನೆ ಎಂದು ಹೇಳಿ ಹೊರಟಿದ್ದರು. ಚಂದ್ರಮೋಹನ್ ಬಂದದ್ದು ಹತ್ತೂವರೆಗೆ. ಡೇರಿಯಲ್ಲಿ ಕೇಳಲು ಯಾರೂ ಇರಲಿಲ್ಲ. ಬೋರ್ಡು ನಾಲ್ಕು ಡಿಗ್ರಿ ತೋರಿಸುತ್ತಿತ್ತು. ಮೋಟಾರು ನಿಂತಿತ್ತು. ಹಾಲು ತಣ್ಣಗಾದರೆ ಮೋಟಾರು ನಿಲ್ಲುವುದು ಸರಿಯೇ. ದೀಪ ಉರಿಯುತ್ತಿತ್ತು, ಎಂದಿನಂತೆ ಒಣಹುಲ್ಲಿನ ಬಣ್ಣ. ಅಷ್ಟರಲ್ಲಿ ಇನ್ನೊಂದು ಊರಿನಿಂದ ಕರೆ ಬಂತು, ಬೇಗ ಬಾ ಎಂದು. ಅದರ ಬೆನ್ನಿಗೇ ಮದುವೆ ಮನೆಯಿಂದ ಭಾರತಮ್ಮನ ಫೋನು. ದೀಪ ಹೆಂಗೈತೆ ಮೋಹನಾ ಎಂದು ಅವರು ಕೇಳಿದರು.

"ಹಸ್ರೈತಕ್ಕಾ ಅಂದ್ಬಿಟ್ಟೆ," ಎನ್ನುವಾಗ ಚಂದ್ರಮೋಹನ್ ನನ್ನ ಮುಖ ನೋಡುವುದಿಲ್ಲ. "ಆವತ್ತು ಪೈಪಿಗೆ ಹೆಬ್ಬೆಟ್ಟು ಇಡ್ಲಿಲ್ಲ ಸಾರ್. ಒಂದು ಸಲ ಇಟ್ಟಿದ್ರೆ ಸಾಕಿತ್ತು."

ನಡೆದದ್ದು ಇಷ್ಟು. ಹಿಂದಿನ ರಾತ್ರಿ ಇಲಿಯೊಂದು ಹಾಲಿನ ಬಿಸಿ ಅಳೆಯುವ ಸೆನ್ಸರಿನ ವೈರನ್ನು ಕಡಿದಿತ್ತು. ಬೋರ್ಡಿಗೆ ಕೊನೆಗೆ ತಿಳಿದದ್ದು ನಾಲ್ಕು ಡಿಗ್ರಿ. ಅದನ್ನೇ ಹಿಡಿದುಕೊಂಡು ಕುಳಿತಿತ್ತು. ಬೆಳಿಗ್ಗೆ ಹಸಿಹಾಲು ತುಂಬಿದರೂ ಮೋಟಾರು ಎದ್ದಿರಲಿಲ್ಲ. ಹಾಲು ಅಳೆದ ನೆರೆಮನೆಯವರು ಪೆಟ್ಟಿಗೆಯ ಕಡೆ ಕಣ್ಣು ಹಾಕಿರಲಿಲ್ಲ. ದೀಪ ಮಾತ್ರ ತನ್ನ ಕೆಲಸ ಮಾಡಿತ್ತು. ಅದು ಕೆಂಪಗೆ ಉರಿಯುತ್ತಿತ್ತು.

ಸಂಜೆ ಐದೂವರೆಗೆ ಮುಚ್ಚಳ ತೆಗೆದರೆ ಹುಳಿ ವಾಸನೆ. ದಿನ ಬಿಟ್ಟು ದಿನ ಬರುವ ಟ್ಯಾಂಕರ್ ಅಂದು ಖಾಲಿ ಹಿಂದಿರುಗಿತು. ಸಾವಿರದ ಎಂಟುನೂರು ಲೀಟರ್, ತೊಂಬತ್ತೊಂದು ಮನೆಯ ಹಾಲು. ಕ್ಯಾನಿನಲ್ಲಿ ಹೊತ್ತು ಹೊತ್ತು ಹಿಪ್ಪುನೇರಳೆ ತೋಟದ ಕಾಲುವೆಗೆ ಸುರಿದರು. ಹಾಲು ಚೆಲ್ಲುವುದನ್ನು ನೋಡಲಾರದೆ ಹೆಂಗಸರು ಬಾಗಿಲು ಹಾಕಿಕೊಂಡರು ಎಂದು ಡೇರಿಯ ಅಧ್ಯಕ್ಷ ಕೋದಂಡರಾಮಪ್ಪ ನೆನೆಯುತ್ತಾರೆ. ಊರಿನ ಹೆಸರು ಬೇಡವೆಂದದ್ದು ಇದಕ್ಕೇ. ಹಾಲು ಕೆಟ್ಟ ಊರು ಎಂದು ಹೆಸರು ಬಂದರೆ ಹೆಣ್ಣು ಕೊಡುವವರೂ ಯೋಚಿಸುತ್ತಾರೆ ಎಂಬುದು ಅವರ ಅಂಬೋಣ.

ಮಾರನೆಯ ಬೆಳಿಗ್ಗೆ ಡೇರಿಯ ಮುಂದೆ ಸಭೆ ಸೇರಿತು. ತಪ್ಪು ಯಾರದೆಂದು ಊರಿನವರು ಆಗಲೇ ತೀರ್ಮಾನಿಸಿಯಾಗಿತ್ತು. ಹತ್ತೂವರೆಗೆ ಮೆಕ್ಯಾನಿಕ್ ನೋಡಿದಾಗ ದೀಪ ಹಸಿರಿತ್ತು, ಹಾಗೆಂದು ಅವನೇ ಹೇಳಿದ್ದಾನೆ. ಅಂದರೆ ಕೆಟ್ಟದ್ದು ಆಮೇಲೆ. ಕಾರ್ಯದರ್ಶಿ ಊರಿನಲ್ಲಿದ್ದಿದ್ದರೆ ಮಧ್ಯಾಹ್ನ ಒಮ್ಮೆಯಾದರೂ ಕೆಂಪು ದೀಪ ಕಾಣುತ್ತಿತ್ತು. ಭಾರತಮ್ಮ ಮದುವೆ ಊಟ ಮಾಡುತ್ತಿದ್ದರು. ಬೀಗದ ಕೈ ಕೊಟ್ಟುಬಿಡಮ್ಮ ಎಂದು ಕೋದಂಡರಾಮಪ್ಪ ಕೈ ಚಾಚಿದರು. ಗಂಡ ತೀರಿಹೋದ ಮೇಲೆ ಭಾರತಮ್ಮನ ಮನೆಯ ಒಲೆ ಉರಿದದ್ದು ಆ ಬೀಗದ ಕೈಯಿಂದಲೇ. ಅವರು ಸೊಂಟದಿಂದ ಬೀಗದ ಕೈಗಳ ಗೊಂಚಲು ಬಿಚ್ಚತೊಡಗಿದರು.

ಕಡಿದ ವೈರು ಕಟ್ಟಲು ಬಂದಿದ್ದ ಚಂದ್ರಮೋಹನ್ ಬಾಗಿಲಲ್ಲೇ ನಿಂತಿದ್ದರು. ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಸುಮ್ಮನಿದ್ದಿದ್ದರೆ ಇವತ್ತಿಗೂ ಯಾರೂ ಕೇಳುತ್ತಿರಲಿಲ್ಲ. ಆದರೆ ಊರಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಅವರಿಗೆ ಗೊತ್ತಿತ್ತು. "ಹತ್ತೂವರೆಗೆ ನಿಜವಾಗ್ಲೂ ನಾಲ್ಕು ಡಿಗ್ರಿ ಇದ್ದ ಹಾಲು ಸಾಯಂಕಾಲಕ್ಕೆ ಹುಳಿಯಾಗಲ್ಲ ಸಾರ್. ತೊಟ್ಟಿ ಅಷ್ಟು ಬೇಗ ಬಿಸಿ ಒಳಗೆ ಬಿಡಲ್ಲ. ಅಂದ್ರೆ ನಾನು ನೋಡ್ದಾಗ್ಲೇ ಅದು ಕೆಂಪಿತ್ತು. ಆ ಲೆಕ್ಕ ಅಲ್ಲಿದ್ದೋರಲ್ಲಿ ನನಗೊಬ್ಬನಿಗೇ ಗೊತ್ತಿತ್ತು."

ಹೇಳಿದರೆ ಕೆಲಸ ಹೋಗುತ್ತದೆ. ಮಗಳು ಮೌನಿಕಾ ಆಗ ತಾನೇ ಕೋಲಾರದಲ್ಲಿ ನರ್ಸಿಂಗ್ ಸೇರಿದ್ದಳು. ಹೇಳದಿದ್ದರೆ ತನ್ನ ಒಂದು ಸುಳ್ಳಿನಿಂದ ಭಾರತಮ್ಮ ಮನೆಗೆ ಹೋಗುತ್ತಾರೆ. ಹದಿನೇಳು ವರ್ಷದಿಂದ ಕಾಫಿ ಕೊಟ್ಟು, ಊಟಕ್ಕೆ ಕೂರಿಸಿ, ತಮ್ಮನ ಹಾಗೆ ನೋಡಿಕೊಂಡವರು. ಎಷ್ಟು ಹೊತ್ತು ಯೋಚಿಸಿದಿರಿ ಎಂದು ಕೇಳಿದೆ. "ಗೊಂಚಲು ಬಿಚ್ಚೋ ಅಷ್ಟು ಹೊತ್ತು," ಎಂದರು.

"ಅಕ್ಕಂದು ತಪ್ಪಿಲ್ಲ. ನಂಗೆ ಕೆಂಪು, ಹಸ್ರು ಕಾಣ್ಸಲ್ಲ," ಎಂದು ಅವರು ಎಲ್ಲರೆದುರು ಹೇಳಿದಾಗ ಮೊದಲು ಒಬ್ಬರಿಬ್ಬರು ನಕ್ಕರಂತೆ. ಅಕ್ಕನನ್ನು ಉಳಿಸಲು ಕಥೆ ಕಟ್ಟುತ್ತಿದ್ದಾನೆ ಎಂದು ಗೊಣಗಿದರು. ಡೇರಿಯ ಜಗಲಿಯ ಮೇಲೆ ಮಂಡಿಗೆ ಹೋಗಬೇಕಾದ ಟೊಮೆಟೊ ಬಾಕ್ಸುಗಳಿದ್ದವು. ಕೋದಂಡರಾಮಪ್ಪ ಅದರಿಂದ ಒಂದು ಹಣ್ಣನ್ನೂ ಒಂದು ಹಸಿರು ಕಾಯಿಯನ್ನೂ ಎತ್ತಿ ಎರಡು ಅಂಗೈಯಲ್ಲಿ ಹಿಡಿದರು. ಮುಟ್ಟದೆ ಹೇಳು, ಯಾವುದು ಹಣ್ಣು ಎಂದರು.

ಚಂದ್ರಮೋಹನ್ ಬಗ್ಗಿ ನೋಡಿದರು. ಆ ಕೈ, ಈ ಕೈ. ಕೊನೆಗೆ ಕಾಯಿಯನ್ನು ತೋರಿಸಿದರು.

"ಅಲ್ಲಿಗೆ ನಗೋದು ನಿಂತೋಯ್ತು," ಎನ್ನುತ್ತಾರೆ ಕೋದಂಡರಾಮಪ್ಪ. "ನಮ್ಮ ಸೀಮೇಲಿ ಮೂರು ವರ್ಷದ ಕೂಸಿಗೆ ಗೊತ್ತಾಗೋದು. ಇಷ್ಟೆತ್ತರದ ಗಂಡಸು, ಊರ ಮುಂದೆ, ಕಣ್ಣಲ್ಲಿ ನೀರು ತುಂಬ್ಕೊಂಡು ಕಾಯಿ ತೋರಿಸ್ತಾವ್ನೆ. ಎರಡನ್ನೂ ವಾಪಸ್ ಬಾಕ್ಸಿಗೆ ಹಾಕ್ಬಿಟ್ಟೆ ಸ್ವಾಮಿ."

ಭಾರತಮ್ಮ ಕೋಪಿಸಿಕೊಂಡದ್ದು ಒಂದೇ ಕಾರಣಕ್ಕೆ. ಕೋಪ ಬಂದರೂ ಪ್ರೀತಿ ಉಕ್ಕಿದರೂ ಅವರ ಬಾಯಲ್ಲಿ ತೆಲುಗು ಬರುತ್ತದೆ. "ಮುಂದೇ ಚೆಪ್ಪಕೂಡದಾ ನಾಯನಾ?" ಎಂದು ತರಾಟೆಗೆ ತೆಗೆದುಕೊಂಡರು. ಮೊದಲೇ ಹೇಳಬಾರದಿತ್ತೇ ಎಂದು. ಹಾಲು ಹೋದದ್ದಕ್ಕೆ ಅವರು ಅವತ್ತೂ ಬಯ್ಯಲಿಲ್ಲ, ಆಮೇಲೂ ಬಯ್ದಿಲ್ಲ. ಬೀಗದ ಕೈ ಅವರ ಸೊಂಟದಲ್ಲೇ ಉಳಿಯಿತು.

ಕಂಪನಿಯವರು ಬಣ್ಣ ಕಾಣದವರನ್ನು ಹೇಗೆ ಇಟ್ಟುಕೊಳ್ಳುವುದು ಎಂದು ಚಂದ್ರಮೋಹನ್‌ರನ್ನು ಕೆಲಸದಿಂದ ನಿಲ್ಲಿಸಿದರು. ಅವರನ್ನೂ ಪೂರ್ತಿ ದೂರುವಂತಿಲ್ಲ. ಮನೆಯಲ್ಲಿ ಕುಳಿತದ್ದು ಹನ್ನೊಂದು ದಿನ. ಆ ಹನ್ನೊಂದು ದಿನ ಅವರು ಒಂದೇ ಕೆಲಸ ಮಾಡಿದರು. ಹೊಸ ಬೋರ್ಡಿನ ಜೊತೆಗೆ ಬಂದು, ಯಾರೂ ಬಿಡಿಸದೆ ಪ್ಲಾಸ್ಟಿಕ್ ಕವರಿನಲ್ಲೇ ಉಳಿದಿದ್ದ ಪುಸ್ತಕವನ್ನು ಮೊದಲಿನಿಂದ ಓದಿದರು. ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ, ನೂರಾ ನಾಲ್ಕು ಪುಟ. ಗೊತ್ತಾಗದ ಪದಕ್ಕೆ ಫೋನಿನಲ್ಲಿ ಅರ್ಥ ಹುಡುಕಿ, ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದುಕೊಂಡರು. ಆ ಪುಸ್ತಕ ನಾನು ನೋಡಿದ್ದೇನೆ. ಅಂಚಿನಲ್ಲಿ ಜಾಗವೇ ಉಳಿದಿಲ್ಲ.

ಎಂಟನೆಯ ದಿನ, ಅರವತ್ತೊಂದನೆಯ ಪುಟದಲ್ಲಿ ಅವರಿಗೆ ಬೇಕಾದದ್ದು ಸಿಕ್ಕಿತು. ಸೆಟ್ಟಿಂಗಿನ ಇಪ್ಪತ್ತೇಳನೆಯ ಸಾಲು. ಅಲ್ಲಿ ಸೊನ್ನೆ ಇಟ್ಟರೆ ದೀಪ ಬಣ್ಣ ಬದಲಿಸುತ್ತದೆ, ಒಂದು ಇಟ್ಟರೆ ಬಣ್ಣದ ಜೊತೆಗೆ ಮಿಣುಕುತ್ತದೆ. ಯಾವುದಕ್ಕೆ ಎಷ್ಟು ಸಲ ಮಿಣುಕಬೇಕು ಎಂದು ನಾವೇ ಹೇಳಿಕೊಡಬಹುದು. ಕಾರ್ಖಾನೆಯಿಂದ ಬರುವಾಗ ಸೊನ್ನೆ ಇರುತ್ತದೆ. ಯಾರೂ ಮುಟ್ಟುವುದಿಲ್ಲ, ಇದೊಂದು ಸೌಲಭ್ಯ ಇದೆಯೆಂದು ಕಂಪನಿಯ ಎಂಜಿನಿಯರಿಗೇ ಗೊತ್ತಿರಲಿಲ್ಲ. "ಉತ್ತರ ಅದರ ಹೊಟ್ಟೇಲೇ ಇತ್ತು ಸಾರ್. ಕೇಳೋರಿರ್ಲಿಲ್ಲ. ನಾನೂ ಗುಟ್ಟು ಮುಚ್ಚಿಡೋದ್ರಲ್ಲೇ ಇದ್ನಲ್ಲ, ನಂಗೇ ಪುಸ್ತಕ ಬಿಚ್ಚಕ್ಕೆ ಟೈಮಿರ್ಲಿಲ್ಲ," ಎಂದು ತಮ್ಮನ್ನೇ ಹಂಗಿಸಿಕೊಳ್ಳುತ್ತಾರೆ.

ಅವರು ಪುಸ್ತಕ ಹಿಡಿದು ಕಂಪನಿಯ ಕಚೇರಿಗೆ ಹೋದಾಗ ಒಬ್ಬರೇ ಹೋಗಲಿಲ್ಲ. ಕೋದಂಡರಾಮಪ್ಪ, ಭಾರತಮ್ಮ ಇಬ್ಬರೂ ಜೊತೆಗಿದ್ದರು. ಹಾಲು ಕಳೆದುಕೊಂಡ ಊರೇ ಬಂದು ನಮಗೆ ಇವನೇ ಬೇಕು ಎಂದರೆ ಎಂಜಿನಿಯರ್ ತಾನೇ ಏನು ಮಾಡಿಯಾರು? ಒಂದು ಡೇರಿಯಲ್ಲಿ ಒಂದು ತಿಂಗಳು ಪರೀಕ್ಷೆ ಮಾಡಿ ನೋಡೋಣ ಎಂದು ಒಪ್ಪಿದರು. ಆ ಒಂದು ಡೇರಿ ಯಾವುದು ಎಂದು ಹೇಳಬೇಕಾಗಿಲ್ಲ.

ಎಣಿಕೆ ಗೊತ್ತು ಮಾಡಿದ ರೀತಿಯಲ್ಲಿಯೇ ಚಂದ್ರಮೋಹನ್ ಎಂಥ ಕೆಲಸಗಾರ ಎಂದು ತಿಳಿಯುತ್ತದೆ. ಎರಡು ಮಿಣುಕಿದರೆ ಕರೆಂಟು ಸಾಲದು. ಮೂರಾದರೆ ಮೋಟಾರು ಕಾದಿದೆ. ನಾಲ್ಕಾದರೆ ಸೆನ್ಸರಿನ ವೈರು. ಐದಾದರೆ ತಂಪು ಮಾಡುವ ಗ್ಯಾಸು ಕಡಿಮೆ. ಎಲ್ಲ ಸರಿಯಿದ್ದರೆ ದೀಪ ಸುಮ್ಮನೆ ಉರಿಯಲಿ ಎಂದು ಎಂಜಿನಿಯರ್ ಹೇಳಿದರಂತೆ. ಇವರು ಒಪ್ಪಲಿಲ್ಲ. "ಸುಮ್ನೆ ಉರೀತಿದ್ರೆ ಬೋರ್ಡು ಸತ್ತಿದ್ರೂ ಉರೀತಿರ್ಬೋದು ಸಾರ್. ಮಿಣುಕ್ತಿದ್ರೆ ಒಳಗೆ ಜೀವ ಐತೆ ಅಂತ ಅರ್ಥ. ಚೆನ್ನಾಗೈತೆ ಅನ್ನೋದನ್ನೂ ಅದು ಬಾಯ್ಬಿಟ್ಟು ಹೇಳ್ಬೇಕು." ಹಾಗಾಗಿ ಎಲ್ಲ ಸರಿಯಿದ್ದರೆ ದೀಪ ಒಂದು ಸಲ ಮಿಣುಕುತ್ತದೆ. ಒಂದು ಸಲ, ಸ್ವಲ್ಪ ಬಿಡುವು, ಮತ್ತೆ ಒಂದು ಸಲ.

ಒಂದು ತಿಂಗಳ ಪರೀಕ್ಷೆ ಮುಗಿಯುವ ಮೊದಲೇ ಉಳಿದ ಊರಿನವರೂ ನಮ್ಮ ದೀಪವನ್ನೂ ಮಿಣುಕುವ ಹಾಗೆ ಮಾಡಿಕೊಡಿ ಎಂದು ಕೇಳತೊಡಗಿದರು. ಈಗ ಮೂವತ್ತೊಂದು ಬೋರ್ಡುಗಳೂ ಎಣಿಕೆಯ ಬೋರ್ಡುಗಳೇ. ಇದರಿಂದ ಅನುಕೂಲವಾದದ್ದು ಚಂದ್ರಮೋಹನ್‌ಗೆ ಮಾತ್ರವಲ್ಲ. ಮೊದಲೆಲ್ಲ ಡೇರಿಯಿಂದ ಫೋನು ಬಂದರೆ ಕೆಂಪಗೈತೆ, ಬಾ ಎಂದಷ್ಟೇ ಹೇಳುತ್ತಿದ್ದರು. ಹೋಗಿ ನೋಡುವವರೆಗೆ ಏನಾಗಿದೆಯೆಂದು ದೇವರಿಗೇ ಗೊತ್ತು. ಈಗ ಓದು ಬರಹ ಬಾರದವರೂ ನಾಲ್ಕು ಸಲ ಎನ್ನುತ್ತಾರೆ, ಇವರು ಸೆನ್ಸರ್ ವೈರು ಚೀಲಕ್ಕೆ ಹಾಕಿಕೊಂಡೇ ಹೊರಡುತ್ತಾರೆ. ಎಷ್ಟೋ ಸಲ ಹೋಗುವ ಅಗತ್ಯವೂ ಬೀಳುವುದಿಲ್ಲ. ಕಳೆದ ಹದಿಮೂರು ತಿಂಗಳಲ್ಲಿ ಅವರ ಪಾಲಿನ ಯಾವ ಡೇರಿಯಲ್ಲೂ ಒಂದು ಲೀಟರ್ ಹಾಲೂ ಕೆಟ್ಟಿಲ್ಲ. ಈ ಮಾತು ಅವರು ಹೇಳಿದ್ದಲ್ಲ, ನಾನು ಕಂಪನಿಯ ಎಂಜಿನಿಯರ್ ಬಾಯಿಂದ ಹೊರಡಿಸಿದ್ದು.

ಜೋರಾಗಿ ಎಣಿಸುವುದನ್ನು ಶುರು ಮಾಡಿದವರು ಭಾರತಮ್ಮ. ದೀಪ ಮಿಣುಕಲು ತೊಡಗಿದ ಮೊದಲ ದಿನವೇ ಅವರು ಒಂದು ಕಟ್ಟಳೆ ಹಾಕಿದರು. ಮೋಹನ ಬಂದಾಗ ಅವನೂ ಎಣಿಸಬೇಕು, ತಾನೂ ಎಣಿಸಬೇಕು, ಎರಡೂ ಒಂದೇ ಬಂದರೆ ಮಾತ್ರ ನಂಬಬೇಕು. "ಅವ್ನ ಮೇಲೆ ಅನುಮಾನ ಅಂತಲ್ಲ ಕಣಪ್ಪ," ಎಂದು ಅವರು ನನಗೆ ತಿಳಿಸಿ ಹೇಳುತ್ತಾರೆ. "ಇಷ್ಟು ವರ್ಷ ಒಬ್ನೇ ನೋಡ್ಕೊಂಡು ಒದ್ದಾಡವ್ನೆ. ಇನ್ಮೇಲೆ ಒಬ್ನೇ ನೋಡೋದು ಬೇಡ ಅಂತ."



ಎಲೆಮರೆಯ ಕಾಯಿಯಂತೆ ಇರುವವರ ಬಗ್ಗೆ ಬರೆಯಲು ಬಂದಿದ್ದೇನೆ ಎಂದಾಗ ಚಂದ್ರಮೋಹನ್ ಜೋರಾಗಿ ನಕ್ಕಿದ್ದರು. "ಎಲೆ ಮರೇಲಿ ಕಾಯಿದ್ರೂ ನಂಗೆ ಕಾಣಲ್ಲ, ಹಣ್ಣಿದ್ರೂ ಕಾಣಲ್ಲ ಸಾರ್, ತಪ್ಪು ಮನುಷ್ಯನ ಹತ್ರ ಬಂದಿದ್ದೀರ!" ಸನ್ಮಾನ, ಶಾಲು ಎಂದರೆ ಕೈ ಅಡ್ಡ ಆಡಿಸುತ್ತಾರೆ. ಆಸೆ ಏನೂ ಇಲ್ಲವೇ ಎಂದು ಬಿಡದೆ ಕೇಳಿದ್ದಕ್ಕೆ ಬಹಳ ಯೋಚಿಸಿ ಒಂದು ಹೇಳಿದರು. ಬೋರ್ಡು ಮಾಡುವ ಕಾರ್ಖಾನೆಯವರು ಇಪ್ಪತ್ತೇಳನೆಯ ಸಾಲಿನಲ್ಲಿ ಸೊನ್ನೆಯ ಬದಲು ಒಂದು ಇಟ್ಟು ಕಳಿಸಬೇಕು. ಎರಡು ಪತ್ರ ಬರೆದಿದ್ದಾರೆ, ಉತ್ತರ ಬಂದಿಲ್ಲ. "ಎಲ್ಲೋ ಬೇರೆ ಊರಲ್ಲಿ ನನ್ನಂಥೋನು ಇನ್ನೊಬ್ಬ ಇರ್ತಾನೆ ಸಾರ್. ಅವ್ನೂ ಯಾರ್ಗೂ ಹೇಳಿರಲ್ಲ. ಪುಸ್ತಕದ ಅರವತ್ತೊಂದ್ನೇ ಪುಟ ಅವ್ನಿಗೆ ಸಿಗೋ ಹೊತ್ತಿಗೆ ಯಾವ ಊರಿನ ಹಾಲು ಹೋಗಿರ್ತದೋ."

ಮತ್ತೆ ಆ ಬೆಳಗಿಗೆ ಬರುತ್ತೇನೆ. ಇಪ್ಪತ್ತು ನಿಮಿಷ ಕಳೆದಿದೆ. ಹಾಲಿನವರ ಸಾಲು ಕರಗುತ್ತಾ ಬಂದಿದೆ. ಚಂದ್ರಮೋಹನ್ ಪೈಪಿನ ಮೇಲೆ ಹೆಬ್ಬೆರಳು ಇಟ್ಟು ನೋಡಿ, ಒಳಗೆ ಬಂದು ಬೋರ್ಡಿನ ಗುಂಡಿಯನ್ನು ಒತ್ತಿ ಹಿಡಿಯುತ್ತಾರೆ. ಗೋಡೆಯ ಹಿಂದೆ ಮೋಟಾರು ಒಮ್ಮೆ ಕೆಮ್ಮಿದಂತೆ ಮಾಡಿ ಓಡತೊಡಗುತ್ತದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಲ್ಲುತ್ತಾರೆ. ಭಾರತಮ್ಮ ಅಳತೆಯ ಲೀಟರನ್ನು ಕೈಯಲ್ಲೇ ಹಿಡಿದು ಕತ್ತು ತಿರುಗಿಸುತ್ತಾರೆ. ಸಾಲಿನಲ್ಲಿ ಉಳಿದವರೂ ದೀಪದ ಕಡೆ ನೋಡುತ್ತಾರೆ.

ದೀಪ ಒಂದು ಸಲ ಮಿಣುಕುತ್ತದೆ. ಆರುತ್ತದೆ. ಬಹಳ ಹೊತ್ತು ಸುಮ್ಮನಿದ್ದು, ಮತ್ತೆ ಒಂದೇ ಸಲ.

ಯಾವ ಬಣ್ಣ ಎಂದು ಹೇಳಲೇ ಎಂದು ನಾನು ಮೆಲ್ಲಗೆ ಕೇಳುತ್ತೇನೆ. ಚಂದ್ರಮೋಹನ್ ದೀಪದಿಂದ ಕಣ್ಣು ತೆಗೆಯದೆ, ಬೇಡ ಎಂದು ತಲೆಯಾಡಿಸುತ್ತಾರೆ.

"ಲಾಭ," ಎನ್ನುತ್ತಾರೆ ಭಾರತಮ್ಮ.

"ನಂದೂ ಲಾಭಾನೇ ಅಕ್ಕಾ," ಎನ್ನುತ್ತಾರೆ ಚಂದ್ರಮೋಹನ್.